ತಟಸ್ಥವೆಂದರೆ ನಿಂತಂತಲ್ಲ

ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರಕ್ಕೆ ಒಮ್ಮೆಯಾದರೂ ಹೋದವರಿಗೆ ಅಲ್ಲಿನ ಕೊಳ ನೆನಪಿನಲ್ಲಿರುತ್ತದೆ. ಹರಕೆ ಹೊತ್ತವರು ಗಂಗೆಯನ್ನು ಪ್ರಾರ್ಥಿಸಿ ಕೊಳದ ಬಳಿ ಕಾಯುತ್ತಾರೆ. ನೀರಿನಿಂದ ಮೇಲೆದ್ದು ಬಂದ ವಸ್ತುವನ್ನು ಪ್ರಸಾದವೆಂದು ಸ್ವೀಕರಿಸಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಸಂತಾನ ಬಯಸಿ ಬರುವ ದಂಪತಿಗಳೂ ಅವರಲ್ಲಿರುತ್ತಾರೆ. ನನ್ನ ಅಕ್ಕನ ಮಗ ಮತ್ತು ಅವನ ಹೆಂಡತಿ ಬೆಂಗಳೂರಿನಿಂದ ಹೊಸ ಕಾರಿನಲ್ಲಿ ಬಂದು, ಹಿರಿಯೂರಿನಲ್ಲಿ ಹೆದ್ದಾರಿ ಬಿಟ್ಟು, ಹೊಸದುರ್ಗದಲ್ಲಿ ಅಕ್ಕ, ಭಾವ ಮತ್ತು ನನ್ನನ್ನು ಹತ್ತಿಸಿಕೊಂಡು ಅಲ್ಲಿಗೆ ಹೋದದ್ದು ಅಂಥದೇ ಒಂದು ಹರಕೆ ತೀರಿಸಲು.

ಅಂದು ಜನ ಹೆಚ್ಚಿದ್ದರು. ರಸ್ತೆಯ ಬದಿಯಲ್ಲಿ ಒಂದರ ಹಿಂದೊಂದು ವಾಹನಗಳು ನಿಂತಿದ್ದವು. ನಮ್ಮ ಹುಡುಗ ಸಿಕ್ಕ ಜಾಗದಲ್ಲಿ ಕಾರು ನಿಲ್ಲಿಸಿ, ಗೇರಿನ ಕೋಲನ್ನು ‘ಎನ್’ ಎಂಬ ಅಕ್ಷರಕ್ಕೆ ತಂದು, ಹ್ಯಾಂಡ್ ಬ್ರೇಕ್ ಎಳೆಯದೆ ಇಳಿದ. ಯಾರದಾದರೂ ವಾಹನ ಸಿಕ್ಕಿಹಾಕಿಕೊಂಡರೆ ನಮ್ಮದನ್ನು ಒಂದಿಷ್ಟು ತಳ್ಳಿಕೊಂಡು ಹೋಗಲಿ ಎಂಬುದು ಅವನ ಸೌಜನ್ಯ. ಬೆಂಗಳೂರಿನಲ್ಲಿ ಅವನು ದಿನವೂ ಮಾಡುವುದು ಹಾಗೆಯೇ. ನಲವತ್ತು ವರ್ಷ ಟ್ರ್ಯಾಕ್ಟರು, ಜೀಪು ಓಡಿಸಿದ ಭಾವನಿಗೆ ಮಾತ್ರ ಸಮಾಧಾನವಾಗಲಿಲ್ಲ.

“ಏನಪ್ಪಾ, ಗೇರಲ್ಲಿ ಬಿಡಲಿಲ್ವಾ?”

“ಇದರಲ್ಲಿ ನಾವು ಗೇರ್ ಹಾಕೋ ಹಾಗಿಲ್ಲ ಅಪ್ಪಾ, ಆಟೊಮ್ಯಾಟಿಕ್ಕು.”

“ತಾನೇ ಓಡೋ ಗಾಡಿ ಸರಿ ಕಣಪ್ಪಾ. ತಾನೇ ನಿಲ್ಲುತ್ತೇನು?”

ಮಗ ನಕ್ಕು ಮುಂದೆ ಹೋದ. ಭಾವ ಬೇಲಿಯ ಬುಡದಲ್ಲಿದ್ದ ಒಂದು ದಪ್ಪ ಕಲ್ಲನ್ನು ತಂದು ಮುಂದಿನ ಚಕ್ರಕ್ಕೆ ಕೊಟ್ಟು ನಮ್ಮನ್ನು ಕೂಡಿಕೊಂಡರು. ಗಂಟೆಯೊಂದು ಕಳೆದು ಮರಳಿದಾಗ ಕಾರು ನಿಲ್ಲಿಸಿದ್ದಲ್ಲಿಂದ ಗೇಣುದ್ದ ಮುಂದೆ ಸರಿದಿತ್ತು. ಚಕ್ರ ಆ ಕಲ್ಲಿಗೆ ಒರಗಿತ್ತು. ಕಲ್ಲು ಮಣ್ಣಿನಲ್ಲಿ ಅರ್ಧ ಹೂತಿತ್ತು. ಕಣ್ಣಿಗೆ ಸಮತಟ್ಟಾಗಿ ಕಂಡ ರಸ್ತೆಗೆ ಅಷ್ಟರಮಟ್ಟಿನ ಇಳಿಜಾರು ಇತ್ತು. ಆ ಇಳಿಜಾರಿನ ಕೆಳಗೆ, ಹತ್ತು ಮಾರು ದೂರದಲ್ಲಿ, ಹೆಣ್ಣುಮಗಳೊಬ್ಬಳು ಹಣ್ಣುಕಾಯಿ ಮಾರುತ್ತ ಕೂತಿದ್ದಳು. ಅವಳ ಪಕ್ಕದಲ್ಲಿ ಗೋಣಿತಾಟಿನ ಮೇಲೆ ಮಗು ಮಲಗಿತ್ತು.

ಏನೂ ಆಗಲಿಲ್ಲವಾದ್ದರಿಂದ ಇದು ಸುದ್ದಿಯಲ್ಲ. ಆದರೆ ಮಗುವಿಗಾಗಿ ಬೇಡಿಕೊಂಡು ಬಂದ ನಮ್ಮ ಹುಡುಗನ ಮುಖದ ಬಣ್ಣ ಆ ಗೋಣಿತಾಟನ್ನು ನೋಡಿದ ಕ್ಷಣ ಇಳಿದುಹೋದದ್ದನ್ನು ನಾನು ಮರೆತಿಲ್ಲ. ಅವನು ಅಜಾಗರೂಕನಲ್ಲ. ಕುಡಿದು ಓಡಿಸುವವನಲ್ಲ, ವೇಗದ ಹುಚ್ಚಿನವನೂ ಅಲ್ಲ. ಒಂದು ಪದದ ಅರ್ಥವನ್ನು ತಪ್ಪಾಗಿ ತಿಳಿದಿದ್ದ, ಅಷ್ಟೆ. ಆ ತಪ್ಪು ತಿಳಿವಳಿಕೆ ಅವನೊಬ್ಬನದಲ್ಲ ಎಂಬುದೇ ಈ ಬರಹಕ್ಕೆ ಕಾರಣ.

ನ್ಯೂಟ್ರಲ್ ಎಂಬುದನ್ನು ನಾವು ‘ತಟಸ್ಥ’ ಎಂದು ಕನ್ನಡಿಸುತ್ತೇವೆ. ತಟಸ್ಥನೆಂದರೆ ದಡದಲ್ಲಿ ನಿಂತವನು, ಹೊಳೆಯ ಸೆಳೆತಕ್ಕೆ ಸಿಗದವನು. ಕಾರಿನ ಮಟ್ಟಿಗೆ ಈ ಅರ್ಥ ತಿರುವುಮುರುವು. ಅಲ್ಲಿ ನ್ಯೂಟ್ರಲ್ ಎಂದರೆ ಎಂಜಿನ್ನಿಗೂ ಚಕ್ರಕ್ಕೂ ಇರುವ ಸಂಬಂಧ ಕಡಿದುಹೋಗಿದೆ ಎಂದಷ್ಟೇ ಅರ್ಥ. ಚಕ್ರವನ್ನು ಎಂಜಿನ್ ಮುಂದಕ್ಕೆ ನೂಕುವುದಿಲ್ಲ, ನಿಜ. ಹಿಡಿದು ನಿಲ್ಲಿಸುವುದೂ ಇಲ್ಲ. ಟನ್ ತೂಕದ ಲೋಹ ನಾಲ್ಕು ಗುಂಡನೆಯ ಚಕ್ರಗಳ ಮೇಲೆ ಹೊಳೆಯ ನಡುವೆಯೇ ನಿಂತಿರುತ್ತದೆ. ಸೆಳೆತ ಯಾವ ಕಡೆಗೋ ಆ ಕಡೆಗೆ ಅದರ ಪಯಣ.

ಕ್ಲಚ್ ಇರುವ ಕಾರಿನಲ್ಲಿ ಕಲಿತ ನಮಗೆ ನ್ಯೂಟ್ರಲ್ ವಿಶ್ರಾಂತಿಯ ಸಂಕೇತ. ಸಿಗ್ನಲ್ಲಿನಲ್ಲಿ ನಿಂತರೆ ನ್ಯೂಟ್ರಲ್, ಯಾರನ್ನೋ ಇಳಿಸಬೇಕಾದರೆ ನ್ಯೂಟ್ರಲ್, ಮನೆ ತಲುಪಿದರೆ ನ್ಯೂಟ್ರಲ್. ಹಳೆಯ ಚಾಲಕರು ಇಳಿಜಾರಿನಲ್ಲಿ ಕಾರು ನಿಲ್ಲಿಸುವಾಗ ಮೊದಲ ಗೇರಿನಲ್ಲೋ ಹಿಮ್ಮುಖ ಗೇರಿನಲ್ಲೋ ಬಿಟ್ಟು ಹೋಗುತ್ತಿದ್ದರು. ಆಗ ಚಕ್ರ ಉರುಳಬೇಕಾದರೆ ನಿಂತ ಎಂಜಿನ್ನನ್ನೂ ತಿರುಗಿಸಬೇಕಾಗುತ್ತದೆ, ಎಂಜಿನ್ನೇ ಅಡ್ಡಗಲ್ಲಾಗುತ್ತದೆ. ನಗರದ ಇಕ್ಕಟ್ಟು ಈ ಅಭ್ಯಾಸವನ್ನು ಕೊಂದಿತು. ಕಲ್ಯಾಣಮಂಟಪ, ಚಿತ್ರಮಂದಿರ, ಅಪಾರ್ಟ್‌ಮೆಂಟಿನ ನೆಲಮಾಳಿಗೆ ಎಲ್ಲಿಯೇ ಹೋಗಿ, “ನ್ಯೂಟ್ರಲ್ಲಲ್ಲಿ ಬಿಡಿ ಸಾರ್, ಹ್ಯಾಂಡ್ ಬ್ರೇಕ್ ಹಾಕಬೇಡಿ” ಎಂಬುದು ಸ್ವಾಗತದ ಮೊದಲ ಮಾತು. ಹತ್ತು ಕಾರು ನಿಲ್ಲುವಲ್ಲಿ ಹದಿನೈದನ್ನು ತುಂಬಲು ಕಂಡುಕೊಂಡ ಉಪಾಯವಿದು. ಸಮತಟ್ಟಾದ ನೆಲದಲ್ಲಿ, ಕಾವಲಿಗೆ ಆಳಿದ್ದಾಗ ನಡೆದುಹೋಗುತ್ತದೆ. ಅದೇ ಅಭ್ಯಾಸ ಶನಿವಾರ, ಭಾನುವಾರಗಳಂದು ಹೆದ್ದಾರಿ ಹಿಡಿದು ಬೆಟ್ಟದ ತಪ್ಪಲಿಗೆ, ದೇವಸ್ಥಾನದ ಇಳಿಜಾರಿಗೆ ಬರುತ್ತದೆ.

ಇದರ ಮೇಲೆ ಈಗ ಸ್ವಯಂಚಾಲಿತ ಗೇರಿನ ಕಾರು ಬಂದಿದೆ. ಬಹುಕಾಲ ಇದು ಸಿರಿವಂತರ ವಾಹನವಾಗಿತ್ತು. 2001ರಲ್ಲಿ ಬೆಂಗಳೂರಿನಲ್ಲೇ ತಯಾರಾಗಿ ಬಂದ ‘ರೇವಾ’ ವಿದ್ಯುತ್ ಕಾರಿನಲ್ಲಿ ಕ್ಲಚ್ ಇರಲಿಲ್ಲವಾದರೂ ಅದನ್ನು ಕೊಂಡವರು ಕಡಿಮೆ. ಮಧ್ಯಮ ವರ್ಗದ ಮನೆಗೆ ಈ ಸೌಕರ್ಯ ದೊಡ್ಡ ಪ್ರಮಾಣದಲ್ಲಿ ಬಂದದ್ದು 2014ರಲ್ಲಿ ಮಾರುತಿಯ ‘ಸೆಲೆರಿಯೊ’ ಎಎಂಟಿ ತಂತ್ರದೊಂದಿಗೆ ಬಂದ ನಂತರ. ಸಾಧಾರಣ ಗೇರುಪೆಟ್ಟಿಗೆಯನ್ನೇ ಉಳಿಸಿಕೊಂಡು, ಕ್ಲಚ್ ತುಳಿಯುವ ಮತ್ತು ಗೇರು ಬದಲಿಸುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವ ಅಗ್ಗದ ವ್ಯವಸ್ಥೆ ಅದು. ಬೆಂಗಳೂರಿನ ಸಂಚಾರ ದಟ್ಟಣೆಯಲ್ಲಿ ಎಡಗಾಲು ಸೋತವರೆಲ್ಲ ಅದನ್ನು ಮೆಚ್ಚಿದರು. ಹಿರಿಯರಿಗೆ, ಮಂಡಿನೋವಿನವರಿಗೆ ಅದು ನಿಜಕ್ಕೂ ಉಪಕಾರ ಮಾಡಿದೆ. ತೊಡಕಿರುವುದು ಯಂತ್ರದಲ್ಲಲ್ಲ, ಅದರ ಅಕ್ಷರಮಾಲೆಯನ್ನು ನಮಗೆ ಯಾರೂ ಕಲಿಸಲಿಲ್ಲ ಎಂಬುದರಲ್ಲಿ.

ಪೂರ್ಣ ಸ್ವಯಂಚಾಲಿತ ಕಾರಿನ ಕೋಲಿನ ಬದಿಯಲ್ಲಿ ಸಾಮಾನ್ಯವಾಗಿ ಪಿ, ಆರ್, ಎನ್, ಡಿ ಎಂಬ ನಾಲ್ಕು ಅಕ್ಷರಗಳಿರುತ್ತವೆ: ನಿಲುಗಡೆ, ಹಿಮ್ಮುಖ, ನ್ಯೂಟ್ರಲ್, ಮುಮ್ಮುಖ. ಪಿ ಮತ್ತು ಎನ್ ಎರಡರಲ್ಲೂ ಎಂಜಿನ್ನಿನ ಶಕ್ತಿ ಚಕ್ರಕ್ಕೆ ತಲುಪುವುದಿಲ್ಲ. ಇವೆರಡರ ನಡುವಿನ ವ್ಯತ್ಯಾಸ ಒಂದೇ ಒಂದು ಹಲ್ಲು. ಗೇರುಪೆಟ್ಟಿಗೆಯಿಂದ ಚಕ್ರದ ಕಡೆಗೆ ಹೊರಡುವ ದಂಡಕ್ಕೆ ಕಚ್ಚುಗಳುಳ್ಳ ಗಾಲಿಯೊಂದನ್ನು ಜೋಡಿಸಿರುತ್ತಾರೆ. ಕೋಲನ್ನು ಪಿಗೆ ತಂದಾಗ ಸಣ್ಣದೊಂದು ಲೋಹದ ಕೊಕ್ಕೆ ಆ ಕಚ್ಚಿನೊಳಗೆ ಬೀಳುತ್ತದೆ; ದಂಡ ತಿರುಗದಂತೆ ಹಿಡಿಯುತ್ತದೆ. ಬಾಗಿಲಿಗೆ ಅಗುಳಿ ಹಾಕಿದ ಹಾಗೆ. ಎನ್‌ನಲ್ಲಿ ಬಾಗಿಲು ಬರಿದೆ ಮುಂದೆ ಮಾಡಿದಂತಿರುತ್ತದೆ. ಗಾಳಿ ಬೀಸಿದರೆ ತೆರೆದುಕೊಳ್ಳುತ್ತದೆ.

ಆ ಕೊಕ್ಕೆಯೂ ಸರ್ವಶಕ್ತವಲ್ಲ. ಕಾರು ಇಳಿಜಾರಿನಲ್ಲಿ ನಿಂತಾಗ ಹ್ಯಾಂಡ್ ಬ್ರೇಕ್ ಎಳೆಯದೆ ನೇರವಾಗಿ ಪಿಗೆ ತಂದು ಕಾಲು ಬ್ರೇಕನ್ನು ಬಿಟ್ಟರೆ ಇಡೀ ಕಾರಿನ ಭಾರ ಆ ಪುಟ್ಟ ಹಲ್ಲಿನ ಮೇಲೆ ಬೀಳುತ್ತದೆ. ಮತ್ತೆ ಹೊರಡುವಾಗ ಕೋಲು ಬಿಗಿಯಾಗಿ, ‘ಟಕ್’ ಎಂಬ ಸದ್ದಿನೊಂದಿಗೆ ಹೊರಬರುವುದು ಇದೇ ಕಾರಣದಿಂದ. ಸರಿಯಾದ ಕ್ರಮ ಹೀಗೆ: ಕಾಲು ಬ್ರೇಕಿನ ಮೇಲಿರುವಾಗಲೇ ಕೋಲನ್ನು ಎನ್‌ಗೆ ತರಬೇಕು, ಹ್ಯಾಂಡ್ ಬ್ರೇಕನ್ನು ಪೂರ್ತಿ ಎಳೆಯಬೇಕು, ಕಾಲನ್ನು ಮೆಲ್ಲಗೆ ಸಡಿಲಿಸಿ ಕಾರಿನ ಭಾರ ಹ್ಯಾಂಡ್ ಬ್ರೇಕಿನ ಮೇಲೆ ಕೂರಲು ಬಿಡಬೇಕು, ಆಮೇಲೆ ಮತ್ತೆ ಬ್ರೇಕ್ ತುಳಿದು ಪಿಗೆ ತಂದು ಎಂಜಿನ್ ನಿಲ್ಲಿಸಬೇಕು. ಹೊರಡುವಾಗ ಇದರ ತಿರುಗು: ಬ್ರೇಕ್ ತುಳಿದು, ಮೊದಲು ಪಿಯಿಂದ ಬಿಡಿಸಿ, ನಂತರ ಹ್ಯಾಂಡ್ ಬ್ರೇಕ್ ಇಳಿಸುವುದು. ಹತ್ತು ಸೆಕೆಂಡಿನ ಕೆಲಸ.

ಪಿ ಎಂಬ ಅಗುಳಿ ಹಿಡಿಯುವುದು ಎಂಜಿನ್ ಓಡಿಸುವ ಚಕ್ರಗಳನ್ನು ಮಾತ್ರ. ನಮ್ಮಲ್ಲಿನ ಸಣ್ಣ ಕಾರುಗಳಲ್ಲಿ ಅವು ಮುಂದಿನ ಎರಡು ಚಕ್ರಗಳು. ಪಂಕ್ಚರ್ ಆದಾಗ ಮುಂದಿನ ಒಂದು ಚಕ್ರವನ್ನು ಜಾಕ್ ಕೊಟ್ಟು ಎತ್ತಿದರೆ, ಎತ್ತಿದ ಚಕ್ರ ಗಾಳಿಯಲ್ಲಿ ತಿರುಗಲು ಸ್ವತಂತ್ರವಾಗುತ್ತದೆ. ಜೊತೆಯ ಚಕ್ರವೂ ಅದರ ಎದುರು ದಿಕ್ಕಿಗೆ ತಿರುಗಬಲ್ಲದು. ಪಿಯಲ್ಲಿದೆಯೆಂದು ನಂಬಿ ಕಾರಿನಡಿ ಕೈ ಹಾಕಿದವನ ಮೇಲೆ ಕಾರು ಜಾಕಿನಿಂದ ಜಾರಬಹುದು. ಹ್ಯಾಂಡ್ ಬ್ರೇಕ್ ಹಿಡಿಯುವುದು ಸಾಮಾನ್ಯವಾಗಿ ಹಿಂದಿನ ಚಕ್ರಗಳನ್ನು. ಆದ್ದರಿಂದ ಸ್ಟೆಪ್ನಿ ಬದಲಿಸುವಾಗ ಪಿ ಬೇಕು, ಹ್ಯಾಂಡ್ ಬ್ರೇಕೂ ಬೇಕು, ಉಳಿದ ಚಕ್ರಕ್ಕೆ ಕಲ್ಲೂ ಬೇಕು.

ಇನ್ನು ನಮ್ಮ ಹುಡುಗನ ಕಾರಿನಂಥ ಎಎಂಟಿ ವಾಹನಗಳು. ಇವುಗಳಲ್ಲಿ ಸಾಮಾನ್ಯವಾಗಿ ಪಿ ಎಂಬ ಅಕ್ಷರವೇ ಇರುವುದಿಲ್ಲ. ಒಳಗಿರುವುದು ಸಾಧಾರಣ ಗೇರುಪೆಟ್ಟಿಗೆ. ಆ ಕೊಕ್ಕೆ ಅದರಲ್ಲಿಲ್ಲ. ಪಿ ಇಲ್ಲವೆಂದ ಮೇಲೆ ಎನ್ ಅದರ ಬದಲಿಗೆ ಇದೆ ಎಂದು ಊಹಿಸುವುದು ಸಹಜ, ಅಪಾಯಕರವೂ ಹೌದು. ಇವುಗಳಿಗೆ ಹಳೆಯ ಚಾಲಕರ ಪಾಠವೇ ಸರಿ: ಹ್ಯಾಂಡ್ ಬ್ರೇಕ್ ಎಳೆದು, ಕೋಲನ್ನು ಡಿ ಅಥವಾ ಆರ್‌ನಲ್ಲಿ ಇರಿಸಿಯೇ ಎಂಜಿನ್ ನಿಲ್ಲಿಸಿದರೆ ಗೇರು ಕಚ್ಚಿಕೊಂಡಿರುತ್ತದೆ. ಕಾರಿನ ಜೊತೆ ಕೊಡುವ ಕೈಪಿಡಿಯಲ್ಲಿ ಆಯಾ ಮಾದರಿಯ ಕ್ರಮವನ್ನು ಬರೆದಿರುತ್ತಾರೆ. ನಾವು ಅದನ್ನು ವಿಮೆಯ ಕಾಗದದ ಜೊತೆ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯೊಳಗೆ ಭದ್ರವಾಗಿಟ್ಟಿರುತ್ತೇವೆ. ವಿದ್ಯುತ್ ಕಾರುಗಳಲ್ಲಿಯೂ ಏಕರೂಪತೆಯಿಲ್ಲ. 2020ರಲ್ಲಿ ಬಂದ ಟಾಟಾ ನೆಕ್ಸಾನ್ ವಿದ್ಯುತ್ ಕಾರಿನ ಗುಂಡಿಯಲ್ಲಿ ಪಿ ಇರಲಿಲ್ಲ; 2022ರ ಮ್ಯಾಕ್ಸ್ ಮಾದರಿಯಲ್ಲಿ ಬಂತು. ಒಂದೇ ಮನೆಯಲ್ಲಿ ಅಪ್ಪನದು ಕ್ಲಚ್ ಕಾರು, ಮಗನದು ಎಎಂಟಿ, ಸೊಸೆಯದು ಪಿ ಇರುವ ಕಾರು ಆಗಿರಬಹುದು. ಒಂದರಿಂದ ಇಳಿದು ಇನ್ನೊಂದಕ್ಕೆ ಹತ್ತಿದವರ ಕೈ, ಮನಸ್ಸಿಗಿಂತ ಮುಂಚೆ ಹಳೆಯ ಅಭ್ಯಾಸವನ್ನು ಮಾಡಿ ಮುಗಿಸಿರುತ್ತದೆ.

ಈ ಗೊಂದಲ ನಮಗಷ್ಟೇ ಮೀಸಲಲ್ಲ. ಸ್ವಯಂಚಾಲಿತ ಕಾರಿನ ತವರಾದ ಅಮೆರಿಕದಲ್ಲಿ ಜನರಲ್ ಮೋಟಾರ್ಸ್ ಕಂಪನಿ 1940ರ ಓಲ್ಡ್ಸ್‌ಮೊಬಿಲ್ ಕಾರಿಗಾಗಿ ಹೊರತಂದ ‘ಹೈಡ್ರಾಮ್ಯಾಟಿಕ್’ ವ್ಯವಸ್ಥೆಯಲ್ಲಿ ಪಿ ಇರಲಿಲ್ಲ. ಕೋಲನ್ನು ಹಿಮ್ಮುಖಕ್ಕೆ ತಂದು ಎಂಜಿನ್ ಆರಿಸುವುದೇ ನಿಲುಗಡೆಯ ವಿಧಾನವಾಗಿತ್ತು. ಮುಂದೆ ಒಂದೊಂದು ಕಂಪನಿ ಒಂದೊಂದು ಅನುಕ್ರಮ ಹಿಡಿದಾಗ, ಮುಮ್ಮುಖ ಮತ್ತು ಹಿಮ್ಮುಖಗಳ ನಡುವೆ ನ್ಯೂಟ್ರಲ್ ಇರಲೇಬೇಕೆಂಬ ಸರ್ಕಾರಿ ನಿಯಮ 1968ರಿಂದ ಜಾರಿಗೆ ಬಂತು. ಆಮೇಲೂ ತೊಂದರೆ ತಪ್ಪಲಿಲ್ಲ. ಫೋರ್ಡ್ ಕಾರುಗಳು ಪಿಯಿಂದ ಹಿಮ್ಮುಖಕ್ಕೆ ಜಾರುತ್ತವೆ ಎಂಬ ದೂರುಗಳ ಸುದೀರ್ಘ ತನಿಖೆಯ ಕೊನೆಗೆ, 1980ರ ಡಿಸೆಂಬರಿನಲ್ಲಿ ಸುಮಾರು 2.3 ಕೋಟಿ ವಾಹನಗಳ ಮಾಲೀಕರಿಗೆ ಎಚ್ಚರಿಕೆಯ ಅಂಟುಚೀಟಿ ಕಳುಹಿಸಲು ಕಂಪನಿ ಸರ್ಕಾರದೊಂದಿಗೆ ಒಪ್ಪಿಕೊಂಡಿತು. ಬ್ರೇಕ್ ತುಳಿಯದ ಹೊರತು ಕೋಲು ಪಿಯಿಂದ ಕದಲಬಾರದೆಂಬ ನಿಯಮ 2010ರ ಸೆಪ್ಟೆಂಬರಿನಿಂದ ಅಲ್ಲಿನ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾಯಿತು. ಕಾರಿನೊಳಗೆ ಆಡುವ ಮಕ್ಕಳು ಕೋಲನ್ನು ಎಳೆದು ಅನಾಹುತವಾಗುವುದನ್ನು ತಪ್ಪಿಸುವುದು ಅದರ ಉದ್ದೇಶ.

2016ರ ಏಪ್ರಿಲಿನಲ್ಲಿ ಫಿಯೆಟ್ ಕ್ರೈಸ್ಲರ್ ಕಂಪನಿ ಹನ್ನೊಂದು ಲಕ್ಷ ವಾಹನಗಳ ದೋಷ ಸರಿಪಡಿಸಲು ಮುಂದಾಯಿತು. ಅವುಗಳ ಕೋಲು ಪ್ರತಿ ಬಾರಿ ಸರಿಸಿದ ಮೇಲೂ ನಡುವಿನ ಸ್ಥಾನಕ್ಕೇ ಮರಳುತ್ತಿತ್ತು. ಯಾವ ಅಕ್ಷರದಲ್ಲಿದೆ ಎಂಬುದು ಕೈಗೆ ತಿಳಿಯುತ್ತಿರಲಿಲ್ಲ; ಪಿಯಲ್ಲಿದೆಯೆಂದು ನಂಬಿ ಜನ ಇಳಿದುಹೋಗುತ್ತಿದ್ದರು. ಅದೇ ಜೂನಿನಲ್ಲಿ ಆಂಟನ್ ಯೆಲ್ಚಿನ್ ಎಂಬ ಇಪ್ಪತ್ತೇಳರ ನಟ ಲಾಸ್ ಏಂಜಲೀಸಿನ ತನ್ನ ಮನೆಯ ಇಳಿಜಾರಿನಲ್ಲಿ ತನ್ನದೇ ಜೀಪ್ ಹಿಂದಕ್ಕೆ ಉರುಳಿ ಸತ್ತ. ಆ ವಾಹನ ಈ ಪಟ್ಟಿಯಲ್ಲಿದ್ದ ಮಾದರಿಯದು. ಎಲ್ಲ ಅನುಕೂಲಗಳ ನಾಡಿನಲ್ಲಿ, ಸ್ವಂತ ಮನೆಯ ಗೇಟಿನ ಬಳಿ ಆದ ಸಾವು ಅದು.

ನಮ್ಮ ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 126ನೇ ಕಲಮು, ಸಾರ್ವಜನಿಕ ಸ್ಥಳದಲ್ಲಿ ನಿಲ್ಲಿಸಿದ ವಾಹನದ ಚಾಲಕನ ಆಸನದಲ್ಲಿ ಪರವಾನಗಿ ಇರುವವರು ಕುಳಿತಿರಬೇಕು ಎನ್ನುತ್ತದೆ. ಇಲ್ಲವಾದರೆ ಯಂತ್ರವನ್ನು ನಿಲ್ಲಿಸಿ, ಬ್ರೇಕ್ ಹಾಕಿಯೋ ಬೇರೆ ಕ್ರಮ ಕೈಗೊಂಡೋ, ಚಾಲಕನಿಲ್ಲದಾಗ ವಾಹನ ಆಕಸ್ಮಿಕವಾಗಿ ಚಲಿಸದಂತೆ ನೋಡಿಕೊಂಡಿರಬೇಕು. ರಸ್ತೆಬದಿಯಲ್ಲಿ ನ್ಯೂಟ್ರಲ್‌ನಲ್ಲಿ, ಬ್ರೇಕಿಲ್ಲದೆ, ಚಕ್ರಕ್ಕೆ ಆಸರೆಯಿಲ್ಲದೆ ಕಾರು ಬಿಟ್ಟುಹೋಗುವುದು ಈ ಕಲಮಿಗೆ ನೇರವಾಗಿ ವಿರುದ್ಧ. “ಹ್ಯಾಂಡ್ ಬ್ರೇಕ್ ಹಾಕಬೇಡಿ ಸಾರ್” ಎಂಬ ವಿನಂತಿಯನ್ನು ಸಾರ್ವಜನಿಕ ಸ್ಥಳದಲ್ಲಿ ಪಾಲಿಸುವವರು, ತಿಳಿಯದೆಯೇ ಕಾನೂನು ಮುರಿಯುತ್ತಿರುತ್ತಾರೆ.

ಕಲಿಕೆಯ ವಿಷಯಕ್ಕೆ ಬಂದರೆ ಕೊರತೆ ಇನ್ನೂ ಸ್ಪಷ್ಟ. ಮೋಟಾರ್ ಸೈಕಲ್ಲಿಗೆ ಗೇರು ಸಹಿತ, ಗೇರು ರಹಿತ ಎಂಬ ಭೇದವನ್ನು ಆ ಕಾಯ್ದೆಯ 10ನೇ ಕಲಮು ಮಾಡುತ್ತದೆ. ಕಾರುಗಳಿಗೆ ಅಂಥ ಭೇದವನ್ನು ಮಾಡುವುದಿಲ್ಲ. ಭೇದ ಬೇಕೇ ಬೇಕೆಂದು ನಾನು ವಾದಿಸುವುದಿಲ್ಲ. ಏರಿನಲ್ಲಿ ನಿಲ್ಲಿಸಿ, ಹಿಂದಕ್ಕೆ ಜಾರದೆ ಹೊರಡುವುದನ್ನು ನಮ್ಮ ಚಾಲನಾ ಪರೀಕ್ಷೆ ಕೇಳುತ್ತದೆ. ಎರಡಕ್ಷರ ಮುಂದೆ ಹೋಗಿ, ಇಳಿಜಾರಿನಲ್ಲಿ ವಾಹನವನ್ನು ಬಿಟ್ಟು ಇಳಿಯುವುದು ಹೇಗೆ ಎಂದೂ ಕೇಳಲಿ. ಚಾಲನಾ ಶಾಲೆಗಳು ಒಂದು ದಿನವನ್ನಾದರೂ ಕ್ಲಚ್ ಇಲ್ಲದ ಕಾರಿಗೆ ಮೀಸಲಿಡಲಿ. ಕಾರು ಮಾರುವವರು ಕೀಲಿಕೈ ಕೊಟ್ಟು ಹಾರ ಹಾಕಿ ಫೋಟೊ ತೆಗೆಯುವ ಮೊದಲು, ಮನೆಯಲ್ಲಿ ಓಡಿಸುವ ಎಲ್ಲರಿಗೂ ನಿಲುಗಡೆಯ ಕ್ರಮವನ್ನು ಒಮ್ಮೆ ಮಾಡಿ ತೋರಿಸಲಿ.

ಹಾಗಾದರೆ ನ್ಯೂಟ್ರಲ್ ನಿಷ್ಪ್ರಯೋಜಕವೇ? ಅಲ್ಲ. ಕೆಟ್ಟ ಕಾರನ್ನು ನಾಲ್ಕು ಹೆಜ್ಜೆ ತಳ್ಳಿ ಬದಿಗೆ ಸೇರಿಸಲು ಅದು ಬೇಕು. ಬೆಂಗಳೂರಿನ ದೀರ್ಘ ಸಿಗ್ನಲ್ಲುಗಳಲ್ಲಿ ಹ್ಯಾಂಡ್ ಬ್ರೇಕ್ ಎಳೆದು ಎನ್‌ನಲ್ಲಿ ಇರುವುದರಿಂದ ಕಾಲಿಗೆ ಬಿಡುವು ಸಿಗುತ್ತದೆ. ಅರೆಗಳಿಗೆಯ ನಿಲುಗಡೆಯಾದರೆ ಡಿಯಲ್ಲಿಯೇ ಬ್ರೇಕ್ ತುಳಿದು ನಿಂತರೆ ಸಾಕು. ಸಿಗ್ನಲ್ಲಿನಲ್ಲಿ ಪಿಗೆ ಹೋಗುವುದು ಸಲ್ಲದು: ಹಿಂದಿನವರು ಗುದ್ದಿದರೆ ಪೆಟ್ಟು ಆ ಹಲ್ಲಿಗೆ ಬೀಳುತ್ತದೆ, ಮೇಲಾಗಿ ಕೋಲು ಹಿಮ್ಮುಖವನ್ನು ದಾಟುವಾಗ ಬಿಳಿ ದೀಪ ಹೊತ್ತಿ ಹಿಂದಿನವರು ಗಾಬರಿಯಾಗುತ್ತಾರೆ. ಕೆಟ್ಟ ಸ್ವಯಂಚಾಲಿತ ಕಾರನ್ನು ಎನ್‌ನಲ್ಲಿಟ್ಟು ಹಗ್ಗ ಕಟ್ಟಿ ಮೈಲುಗಟ್ಟಲೆ ಎಳೆಯುವುದೂ ಸರಿಯಲ್ಲ; ಎಂಜಿನ್ ನಿಂತಾಗ ಗೇರುಪೆಟ್ಟಿಗೆಯೊಳಗೆ ಎಣ್ಣೆ ಹರಿಯದೆ ಅದು ಸುಟ್ಟುಹೋಗಬಹುದು.

ಘಟ್ಟ ಇಳಿಯುವಾಗ ನ್ಯೂಟ್ರಲ್ ಮಾಡಿ ಇಂಧನ ಉಳಿಸುವ ಹಳೆಯ ಚಟವನ್ನಂತೂ ಸಂಪೂರ್ಣವಾಗಿ ಬಿಡಬೇಕು. ಕಾರ್ಬುರೇಟರ್ ಕಾಲದಲ್ಲಿ ಅದರಿಂದ ಹನಿ ಪೆಟ್ರೋಲು ಉಳಿಯುತ್ತಿದ್ದಿರಬಹುದು. ಇಂದಿನ ಎಂಜಿನ್ನುಗಳು ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಂಧನವನ್ನೇ ನಿಲ್ಲಿಸಿಬಿಡುತ್ತವೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ಆರದಿರಲೆಂದು ಇಂಧನ ಕುಡಿಯುತ್ತಲೇ ಇರುತ್ತವೆ. ಜೊತೆಗೆ ಎಂಜಿನ್ನಿನ ತಡೆ ತಪ್ಪಿ, ಚಾರ್ಮಾಡಿ ಅಥವಾ ಆಗುಂಬೆಯ ತಿರುವುಗಳಲ್ಲಿ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಕಾದ ಬ್ರೇಕು ಹಿಡಿತ ಕಳೆದುಕೊಳ್ಳುತ್ತದೆ. ಅಲ್ಲಿಯೂ ತಟಸ್ಥತೆ ಎಂದರೆ ಕೈಬಿಡುವುದೇ.

ನಮ್ಮ ಹಿರಿಯರು ಗಾಡಿ ನಿಲ್ಲಿಸಿದಾಗ ಎತ್ತುಗಳ ಕೊರಳು ಬಿಚ್ಚಿ, ನೊಗವನ್ನು ನೆಲಕ್ಕೆ ತಾಗಿಸಿ, ಗಾಲಿಗೆ ಕಲ್ಲು ಕೊಟ್ಟ ಮೇಲೆಯೇ ನೀರು ಕುಡಿಯಲು ಹೋಗುತ್ತಿದ್ದರು. ಗಾಡಿ ತಾನಾಗಿ ನಿಲ್ಲುವ ವಸ್ತುವಲ್ಲ, ನಿಲ್ಲಿಸಬೇಕಾದ ವಸ್ತು ಎಂಬುದು ಅವರಿಗೆ ಗೊತ್ತಿತ್ತು. ಯಂತ್ರ ನಮ್ಮ ಎಡಗಾಲಿನ ಕೆಲಸವನ್ನು ವಹಿಸಿಕೊಂಡಿತು. ಆ ಎಚ್ಚರವನ್ನೂ ಅದೇ ವಹಿಸಿಕೊಂಡಿದೆ ಎಂದು ನಾವು ಭಾವಿಸಿಬಿಟ್ಟೆವು.

ಹಾಲುರಾಮೇಶ್ವರದಿಂದ ಹೊರಡುವಾಗ ನಮ್ಮ ಹುಡುಗ ಮಾತಿಲ್ಲದೆ ಕಾರು ಹತ್ತಿ, ಬ್ರೇಕ್ ತುಳಿದು, ಎಂಜಿನ್ ಚಾಲೂ ಮಾಡಿ ಒಂದು ಮಾರು ಹಿಂದಕ್ಕೆ ತೆಗೆದ. ಭಾವ ಬಗ್ಗಿ ಆ ಕಲ್ಲನ್ನು ಮಣ್ಣಿನಿಂದ ಕಿತ್ತು, ಎರಡೂ ಕೈಯಲ್ಲಿ ಹೊತ್ತು, ಮೊದಲಿದ್ದ ಬೇಲಿಯ ಬುಡಕ್ಕೇ ಒಯ್ದು ಹಾಕಿದರು. ಅಷ್ಟು ಶ್ರಮವೇಕೆಂದು ಸೊಸೆ ಕೇಳಿದಳು. “ರಸ್ತೇಲಿ ಬಿಟ್ಟರೆ ರಾತ್ರಿ ಬೈಕಿನೋರು ಎಡವಿ ಬೀಳ್ತಾರಮ್ಮಾ” ಎಂದು ಕೈ ಕೊಡವಿಕೊಂಡು ಕಾರು ಹತ್ತಿದರು.